ಮೊಳೆ ಹಿಡಿದ ಬಾಯಿ

ಫೆಬ್ರವರಿ ೯

ಅಕ್ಕನಿಗೆ ನಮಸ್ಕಾರ.

ಮೊಬೈಲಿನಲ್ಲಿ ಎರಡು ಸಾಲು ಒತ್ತಿ ತಪ್ಪಿಸಿಕೊಳ್ಳುತ್ತೀಯ, ಕಾಗದದಲ್ಲಿ ಎಲ್ಲವನ್ನೂ ಬರಿ ಎಂದು ಅಪ್ಪಣೆ ಮಾಡಿದ್ದೀಯ. ನೂಲಿನ ಗಿರಣಿಯ ಸದ್ದು ನಿನ್ನ ಕಿವಿಯನ್ನು ತಿಂದು ಹಾಕಿದ ಮೇಲೆ ಫೋನಿನಲ್ಲಿ ಕಿರುಚುವುದು ತಪ್ಪಿತು ಅಂದುಕೊಂಡಿದ್ದೆ, ಈಗ ಬರೆಯುವ ಕೆಲಸ ಹಚ್ಚಿದೆ. ಇರಲಿ, ಮೊದಲಿಂದ ಹೇಳುತ್ತೇನೆ.

ಎರಡೂ ಕಿಡ್ನಿ ಕೈಕೊಟ್ಟಿವೆ. ವಾರಕ್ಕೆ ಮೂರು ದಿನ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಮುಂಗೈಗೆ ಎರಡು ದಪ್ಪ ಸೂಜಿ ಚುಚ್ಚುತ್ತಾರೆ. ಒಂದರಿಂದ ರಕ್ತ ಯಂತ್ರಕ್ಕೆ ಹೋಗುತ್ತದೆ, ಇನ್ನೊಂದರಿಂದ ತೊಳೆದು ವಾಪಸ್ ಬರುತ್ತದೆ. ಅಲ್ಲಿಯ ತನಕ ಒರಗು ಕುರ್ಚಿಯಲ್ಲಿ ಬಿದ್ದಿರಬೇಕು. ಆ ಕುರ್ಚಿಗೆ ರೆಕ್ಸಿನ್ ಹಾಕಿದವನು ಯಾರೋ ಗೊತ್ತಿಲ್ಲ, ಅವನನ್ನು ಹಿಡಿದು ತಂದು ಅದರ ಮೇಲೆಯೇ ಒಂದು ದಿನ ಮಲಗಿಸಬೇಕು. ಫೋಮು ಒಂದು ಕಡೆ ಕುಸಿದು ಸೊಂಟ ವಾಲುತ್ತಿತ್ತು. ನರ್ಸಮ್ಮನಿಗೆ ಹೇಳಿ, ಮುಂದಿನ ಸಲ ಬರುವಾಗ ದಾರ ದಬ್ಬಳ ತಂದು ನಾನೇ ಸರಿಮಾಡಿದೆ.

ಮೊದಲೇ ಯಾಕೆ ಗೊತ್ತಾಗಲಿಲ್ಲ ಎಂದು ನೀನು ಕೇಳುತ್ತೀಯ. ಡಾಕ್ಟರೂ ಕೇಳಿದರು. ಊಟ ಸೇರುತ್ತಿರಲಿಲ್ಲವಾ, ಬಾಯಲ್ಲಿ ಕಬ್ಬಿಣದ ರುಚಿ ಇರುತ್ತಿರಲಿಲ್ಲವಾ ಅಂದರು. ಇರುತ್ತಿತ್ತು. ಹುಡುಗನಾಗಿದ್ದಾಗಿನಿಂದ ಬಾಯಿ ತುಂಬ ಸಣ್ಣ ಮೊಳೆ ಹಾಕಿಕೊಂಡು ಸೋಫಾಗಳಿಗೆ ಬಟ್ಟೆ ಬಡಿಯುತ್ತಾ ಬಂದವನಿಗೆ ಬಾಯಲ್ಲಿ ಕಬ್ಬಿಣದ ರುಚಿ ಬಂದರೆ ಏನನ್ನಿಸಬೇಕು ಹೇಳು. ಉಗುಳಿದಾಗ ರಕ್ತ ಕಂಡರೂ ಮೊಳೆ ಚುಚ್ಚಿದೆ ಅಂದುಕೊಂಡೆ. ಹಲ್ಲು ಅಲ್ಲಾಡಿದರೂ ಮೊಳೆಯ ಮೇಲೇ ಹಾಕಿದೆ. ಬೇರೆ ಯಾವ ಕಸುಬಿನವನಾಗಿದ್ದರೂ ಎರಡು ವರ್ಷ ಮೊದಲೇ ಡಾಕ್ಟರ ಹತ್ತಿರ ಓಡುತ್ತಿದ್ದ.

ನನ್ನವಳು, ನಿನ್ನ ನಾದಿನಿ, ತನ್ನದೊಂದು ಕಿಡ್ನಿ ಕೊಡಲು ಹೊರಟಿದ್ದಳು. ರಕ್ತ ಹೊಂದಲಿಲ್ಲ. ಎರಡು ದಿನ ಅತ್ತಳು, ಆಮೇಲೆ ನನಗೆ ನೀರು ಅಳೆದು ಕೊಡುವ ಕೆಲಸವನ್ನು ಪೊಲೀಸಿನವರ ಹಾಗೆ ವಹಿಸಿಕೊಂಡಿದ್ದಾಳೆ. ನೀನು ಸುಮ್ಮನೆ ತಲೆ ಕೆಡಿಸಿಕೊಳ್ಳಬೇಡ. ಭಾವನಿಗೆ ನಮಸ್ಕಾರ ಹೇಳು.

ನಿನ್ನ ತಮ್ಮ

* * *

ಫೆಬ್ರವರಿ ೨೬

ಪುಟ್ಟನಿಗೆ ಆಶೀರ್ವಾದ.

ನಿನ್ನ ಕಾಗದ ಓದಿ ಮೊದಲು ಅತ್ತೆ, ಆಮೇಲೆ ಬೈದೆ, ಆಮೇಲೆ ಇಲ್ಲಿನ ದೊಡ್ಡಾಸ್ಪತ್ರೆಗೆ ಹೋಗಿ ಪರೀಕ್ಷೆ ಮಾಡಿಸಿಕೊಂಡೆ. ನಿನ್ನನ್ನು ಕೇಳಲಿಲ್ಲ. ಕೇಳಿದ್ದರೆ ನೀನು ಬೇಡ ಅನ್ನುತ್ತಿದ್ದೆ, ಬೇಡ ಅಂದ ಮೇಲೂ ನಾನು ಮಾಡಿಸಿಕೊಳ್ಳುತ್ತಿದ್ದೆ. ಕೇಳಿ ಏನು ಬಂತು?

ರಕ್ತ ಹೊಂದುತ್ತದೆ. ಉಳಿದಿದ್ದೂ ಹೊಂದುತ್ತದೆ. ನನ್ನ ಎರಡೂ ಕಿಡ್ನಿ ಚೆನ್ನಾಗಿವೆಯಂತೆ, ಈ ವಯಸ್ಸಿಗೆ ಇಷ್ಟು ಚೊಕ್ಕಟವಾಗಿರುವುದು ಅಪರೂಪ ಎಂದು ಅಲ್ಲಿನ ಡಾಕ್ಟರು ಚೀಟಿಯಲ್ಲಿ ಬರೆದು ತೋರಿಸಿದರು. ಕಿವಿಯ ಬಗ್ಗೆ ಯಾರೂ ಇಷ್ಟು ಒಳ್ಳೆಯ ಮಾತು ಆಡಿರಲಿಲ್ಲ. ನಿಮ್ಮ ಭಾವ ಏನಂದರು ಗೊತ್ತಾ? "ಒಂದನ್ನ ಅವನಿಗೆ ಕೊಡು, ಇನ್ನೊಂದರ ಬಲದ ಮೇಲೆ ನನ್ನ ಬೈಯೋದನ್ನ ಸ್ವಲ್ಪ ಕಮ್ಮಿ ಮಾಡು" ಅಂದರು. ಹಾಗೆ ಅಂದವರು ಹಿಂದೆ ತಿರುಗಿ ಕಣ್ಣು ಒರೆಸಿಕೊಂಡಿದ್ದನ್ನು ನಾನು ನೋಡಿದೆ.

ನಿಮ್ಮ ಆಸ್ಪತ್ರೆಯವರಿಗೂ ಕಾಗದಪತ್ರ ಕಳಿಸಿದ್ದಾರೆ. ಗಿರಣಿಯಲ್ಲಿ ರಜೆ ಹೇಳಿದ್ದೇನೆ. ದಿನ ಗೊತ್ತಾದ ಕೂಡಲೇ ಬರಿ, ಬಸ್ಸು ಹತ್ತುತ್ತೇನೆ. ನನ್ನ ಮೈಯಲ್ಲಿ ನಿನಗಾಗುವ ಒಂದು ವಸ್ತು ಇದೆ ಅಂದ ಮೇಲೆ ಅದನ್ನು ಕೊಡದೆ ನನಗೆ ನಿದ್ದೆ ಹತ್ತುವುದಿಲ್ಲ ಕಣೋ.

ಅಕ್ಕ

* * *

ಮಾರ್ಚ್ ೨೦

ಅಕ್ಕ,

ನಿನ್ನ ಕಾಗದವನ್ನು ಡಯಾಲಿಸಿಸ್ ಕುರ್ಚಿಯಲ್ಲೇ ಓದಿದೆ. ಒಂದು ಕೈಯಲ್ಲಿ ಸೂಜಿ, ಇನ್ನೊಂದರಲ್ಲಿ ಕಾಗದ, ಕಣ್ಣು ಒರೆಸಿಕೊಳ್ಳಲು ಕೈಯಿಲ್ಲ. ನರ್ಸಮ್ಮ ನೋವಾಯಿತೇನೋ ಎಂದು ಓಡಿ ಬಂದಳು.

ಏನು ಬರೆಯಬೇಕೋ ತಿಳಿಯುತ್ತಿಲ್ಲ. ಬೇಡ ಅನ್ನಬೇಕು ಅನ್ನಿಸುತ್ತದೆ, ಆದರೆ ಬದುಕಬೇಕು ಅನ್ನಿಸುವುದು ಅದಕ್ಕಿಂತ ಜೋರಾಗಿದೆ. ಮೂತ್ರ ಹೊಯ್ಯುವುದು ಒಂದು ಸುಖ ಎಂದು ಅದು ನಿಂತ ಮೇಲೆ ಗೊತ್ತಾಗುತ್ತದೆ. ಒಂದು ಲೋಟ ನೀರನ್ನು ಗಟಗಟ ಕುಡಿದು ಎಷ್ಟು ದಿನವಾಯಿತೋ. ಆಗಲಿ ಅಕ್ಕ, ಕೊಡು.

ಇಲ್ಲಿ ಇನ್ನೂ ಒಂದೆರಡು ಡಾಕ್ಟರ ಒಪ್ಪಿಗೆ ಬಾಕಿ ಇದೆ. ಹೃದಯದವರು ನೋಡಿ ಸರಿ ಅಂದರು. ಹಲ್ಲಿನವರ ಹತ್ತಿರವೂ ಕಳಿಸಿದ್ದರು. ಕಿಡ್ನಿಗೂ ಹಲ್ಲಿಗೂ ಏನು ಸಂಬಂಧವೋ, ಅಂತೂ ಹೋಗಿ ಬಾಯಿ ತೆರೆದು ಬಂದೆ. ಸ್ವಲ್ಪ ಶುಚಿ ಮಾಡಬೇಕು ಅಂದಿದ್ದಾರೆ. ದೊಡ್ಡ ವಿಷಯವಲ್ಲ. ದಿನ ಗೊತ್ತಾದಾಗ ಬರೆಯುತ್ತೇನೆ.

ಕೆಲಸ ಬಿಟ್ಟಿಲ್ಲ. ಡಯಾಲಿಸಿಸ್ ಇಲ್ಲದ ದಿನ ಅಂಗಡಿಗೆ ಹೋಗುತ್ತೇನೆ. ಊರ ಹಳೆಯ ನಾಟಕಶಾಲೆಯ ಕುರ್ಚಿಗಳೆಲ್ಲ ರಿಪೇರಿಗೆ ಬಂದಿವೆ. ಮರ ಹಳೆಯದು, ಗನ್ನಿನಲ್ಲಿ ಪಿನ್ನು ಹೊಡೆದರೆ ಸೀಳುತ್ತದೆ. ಕೈಯಿಂದಲೇ ಸಣ್ಣ ಮೊಳೆ ಬಡಿಯಬೇಕು, ಅದನ್ನು ಬಲ್ಲವನು ಈಗ ಅಂಗಡಿಯಲ್ಲಿ ನಾನೊಬ್ಬನೇ. ಉಳಿದವರು ಪಿನ್ನಿನ ಗನ್ ಹಿಡಿದು ಟಕಟಕ ಅನ್ನುತ್ತಾರೆ. ಮಾಲೀಕರು ಬಂದವರಿಗೆಲ್ಲ ನನ್ನನ್ನು ತೋರಿಸಿ, "ಇವನಿಗೆ ಮೊಳೆಬಾಯಿ ಅಂತ ಹೆಸರು. ನಾಲಿಗೇಲೇ ಮೊಳೆ ತಿರುಗಿಸಿ ತುಟಿಗೆ ತರ್ತಾನೆ, ಕಣ್ಣು ಮುಚ್ಚಿ ಬಡೀತಾನೆ" ಅನ್ನುತ್ತಾರೆ. ಕಾಯಿಲೆಯವನು ಎಂದು ಯಾರೂ ನೋಡದಿರುವುದು ಅಲ್ಲೊಂದೇ ಕಡೆ.

ತಮ್ಮ

* * *

ಏಪ್ರಿಲ್ ೭

ಪುಟ್ಟ,

ಒಂದೆರಡು ಡಾಕ್ಟರು ಎಷ್ಟು ದಿನ ಯೋಚನೆ ಮಾಡುತ್ತಾರಪ್ಪ? ಸೂಟ್‌ಕೇಸು ತುಂಬಿಟ್ಟಿದ್ದೇನೆ. ಅದರಿಂದ ಒಂದೊಂದೇ ಸೀರೆ ತೆಗೆದು ಉಡುತ್ತಾ ಮತ್ತೆ ಖಾಲಿಯಾಗುತ್ತಿದೆ.

ನನಗೂ ಈಚೆಗೆ ಹಲ್ಲುಜ್ಜಿದರೆ ಬ್ರಷ್ಷು ಕೆಂಪಾಗುತ್ತದೆ. ಒಸಡು ಊದಿಕೊಂಡಿದೆ, ಗಟ್ಟಿಯಾದದ್ದು ಕಚ್ಚಿದರೆ ನೋವು. ನಾನಂತೂ ಮೊಳೆ ಕಚ್ಚುವವಳಲ್ಲ. ಅಪ್ಪನಿಗೂ ನಲವತ್ತೈದಕ್ಕೇ ಬಾಯಿ ಬೊಚ್ಚಾಗಿದ್ದು ನಿನಗೆ ನೆನಪಿರಬೇಕು, ನಮ್ಮ ಮನೆಯ ಆಸ್ತಿ ಇದೇ ಇರಬೇಕು. ನೀನು ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಬಂದವನಲ್ಲವಾ, ಏನು ಮಾಡಿದೆ, ನಿನ್ನದು ವಾಸಿಯಾಯಿತಾ? ಬರಿ. ಕಿಡ್ನಿ ಕೊಡುವವಳಿಗೆ ಬಾಯಿ ಹುಣ್ಣು ಎಂದು ಅವರು ಮೂಗು ಮುರಿಯುವುದು ಬೇಡ.

ಅಕ್ಕ

* * *

ಏಪ್ರಿಲ್ ೨೯

ಅಕ್ಕ,

ಒಸಡಿಗೆ ಹೆದರಬೇಡ. ನನ್ನದು ಪೂರ್ತಿ ವಾಸಿಯಾಗಿದೆ. ಬಿಸಿನೀರಿಗೆ ಉಪ್ಪು ಹಾಕಿ ಬೆಳಿಗ್ಗೆ ರಾತ್ರಿ ಮುಕ್ಕಳಿಸು, ನೋವಿದ್ದ ಕಡೆ ಒಂದು ಲವಂಗ ಇಟ್ಟುಕೋ. ನನಗೆ ಅಷ್ಟರಲ್ಲೇ ಗುಣವಾಯಿತು. ಹಲ್ಲಿನ ಡಾಕ್ಟರ ಹತ್ತಿರ ಹೋದರೆ ಇಲ್ಲದ್ದನ್ನೆಲ್ಲ ಹೇಳಿ ಹೆದರಿಸುತ್ತಾರೆ. ಅವರ ಕೈಯಲ್ಲಿ ಇಕ್ಕಳ ಇದೆಯಲ್ಲ, ಕಂಡಿದ್ದೆಲ್ಲ ಕೀಳಬೇಕು ಅನ್ನಿಸುತ್ತದೆ.

ದಿನ ಇನ್ನೂ ಕೊಟ್ಟಿಲ್ಲ. ದೊಡ್ಡ ಆಸ್ಪತ್ರೆ, ಸಾಲು ಉದ್ದ ಇದೆ. ನಾನು ಚೆನ್ನಾಗಿದ್ದೇನೆ. ನಾಟಕಶಾಲೆಯ ಕುರ್ಚಿಗಳಲ್ಲಿ ಮುಂದಿನ ಸಾಲುಗಳು ಮುಗಿದವು. ಕಡುಕೆಂಪು ಮಖಮಲ್ಲು, ಅಂಚಿಗೆ ಒತ್ತಾಗಿ ಮೊಳೆ. ನೀನು ಬಂದಾಗ ಒಂದರ ಮೇಲೆ ಕೂರಿಸುತ್ತೇನೆ.

ತಮ್ಮ

* * *

ಆಗಸ್ಟ್ ೨

ತಮ್ಮನಿಗೆ,

ಮೂರು ಕಾಗದ ಹಾಕಿದೆ. ಒಂದಕ್ಕೂ ಉತ್ತರವಿಲ್ಲ. ಮೊಬೈಲಿನಲ್ಲಿ ಕೇಳಿದರೆ "ಚೆನ್ನಾಗಿದ್ದೇನೆ, ಬರೀತೀನಿ" ಎಂದು ಒತ್ತಿ ಕಳಿಸುತ್ತೀಯ. ನಾದಿನಿಯನ್ನು ಕೇಳಿದರೆ ಅವಳು "ಅವರನ್ನೇ ಕೇಳಿ ಅತ್ತಿಗೆ" ಅನ್ನುತ್ತಾಳೆ. ಗಂಡ ಹೆಂಡಿರಿಬ್ಬರೂ ಬಾಯಿ ಹೊಲಿದುಕೊಂಡು ಕೂತಿದ್ದೀರಿ.

ನನಗೆ ತೋಚಿದ್ದನ್ನು ಹೇಳಿಬಿಡುತ್ತೇನೆ. ನಿನಗೆ ನನ್ನದು ಬೇಡ. ಕಿವುಡಿಯದು, ವಯಸ್ಸಾದವಳದು, ಹತ್ತಿಯ ಧೂಳು ಕುಡಿದವಳದು. ಇನ್ನೂ ಎಳೆಯದು ಎಲ್ಲಾದರೂ ಸಿಕ್ಕೀತು ಎಂದು ಕಾಯುತ್ತಿದ್ದೀಯ. ಹಾಗಿದ್ದರೆ ಹೇಳು, ನನಗೆ ಬೇಜಾರಿಲ್ಲ. ಸುಳ್ಳು. ಬೇಜಾರಿದೆ. ಎಷ್ಟಿದೆ ಅಂದರೆ ಗಿರಣಿಯಲ್ಲಿ ಎರಡು ಸಲ ನೂಲು ಕಡಿದುಕೊಂಡು ಮೇಸ್ತ್ರಿಯಿಂದ ಬೈಸಿಕೊಂಡೆ. ಕೇಳಿಸದಿದ್ದರೂ ಬೈದದ್ದು ಗೊತ್ತಾಗುತ್ತದೆ.

ಉಪ್ಪುನೀರು ಬಿಟ್ಟಿಲ್ಲ. ಗಿರಣಿಯ ದವಾಖಾನೆಗೆ ಹಲ್ಲಿನ ಡಾಕ್ಟರಮ್ಮ ಬಂದಿದ್ದರು. ಸಾಲಿನಲ್ಲಿ ನಿಂತಿದ್ದೆ, ನನ್ನ ತಮ್ಮನೇ ಔಷಧಿ ಹೇಳಿದ್ದಾನೆ ಎಂದು ಮುಂದಿನವಳಿಗೆ ಜಾಗ ಬಿಟ್ಟು ಬಂದೆ. ನಿನ್ನ ಮಾತಿಗೆ ನಾನು ಕೊಡುವ ಬೆಲೆಯ ಅರ್ಧವನ್ನಾದರೂ ನೀನು ನನ್ನ ಮಾತಿಗೆ ಕೊಡು.

ಅಕ್ಕ

* * *

ಸೆಪ್ಟೆಂಬರ್ ೧೨

ಅಕ್ಕ, ನನ್ನ ಅಕ್ಕ,

ನಿನ್ನದು ಬೇಡ ಅನ್ನುವವನ ನಾಲಿಗೆ ಬಿದ್ದುಹೋಗಲಿ. ಹಾಗೆ ಒಂದು ಗಳಿಗೆಯೂ ಅಂದುಕೊಂಡಿಲ್ಲ.

ಈಗ ಹೇಳುತ್ತೇನೆ, ಬೈಯಬೇಡ. ತಡವಾದದ್ದು ಆಸ್ಪತ್ರೆಯಿಂದಲ್ಲ. ಮಾರ್ಚಿನಲ್ಲೇ ಹಲ್ಲಿನ ಡಾಕ್ಟರು ನನ್ನ ಬಾಯಿ ನೋಡಿ, ಒಸಡು ಬುಡದ ತನಕ ಕೊಳೆತಿದೆ, ಮುಂದಿನ ಹಲ್ಲುಗಳನ್ನೆಲ್ಲ ತೆಗೆಯಬೇಕು, ಅಲ್ಲಿಯ ತನಕ ಆಪರೇಷನ್ನಿಗೆ ಒಪ್ಪಿಗೆ ಕೊಡುವುದಿಲ್ಲ ಅಂದಿದ್ದರು. ಬೇರೆಯವರ ಕಿಡ್ನಿ ಹಾಕಿದ ಮೇಲೆ ಮೈ ಅದನ್ನು ತಳ್ಳಿಹಾಕದ ಹಾಗೆ ಔಷಧಿ ಕೊಡುತ್ತಾರಂತೆ. ಆ ಔಷಧಿ ಮೈಯ ಕಾವಲನ್ನೇ ಮಲಗಿಸುತ್ತದೆ. ಆಗ ಬಾಯಲ್ಲಿ ಕೀವಿದ್ದರೆ ಜೀವಕ್ಕೇ ಬರುತ್ತದೆ.

ಮುಂದಿನ ಹಲ್ಲಿಲ್ಲದೆ ಮೊಳೆ ಹಿಡಿಯುವುದು ಹೇಗೆ? ಕುರ್ಚಿಗಳು ಅರ್ಧದಲ್ಲಿದ್ದವು. ಇವನ್ನು ಮುಗಿಸಿ ಕೀಳಿಸಿಕೊಳ್ಳೋಣ, ಎಲ್ಲಿ ಹೋಗುತ್ತವೆ ಹಲ್ಲು ಎಂದು ಮುಂದೆ ಹಾಕಿದೆ. ನಿನ್ನ ನಾದಿನಿ ದಿನಾ ಜಗಳವಾಡಿದಳು, ನಿನಗೆ ಹೇಳಕೂಡದು ಎಂದು ಅವಳಿಂದ ಮಾತು ತೆಗೆದುಕೊಂಡಿದ್ದೆ. ಜುಲೈಯಲ್ಲಿ ಡಯಾಲಿಸಿಸ್ ನಡೆಯುತ್ತಿರುವಾಗಲೇ ಚಳಿಜ್ವರ ಬಂದು ಕುರ್ಚಿಯಿಂದ ನೇರ ವಾರ್ಡಿಗೆ ಹೊತ್ತುಕೊಂಡು ಹೋದರು. ಬಾಯಿಯ ಕೀವು ರಕ್ತಕ್ಕೆ ಇಳಿದಿತ್ತು. ಆಗ ಹಲ್ಲಿನ ಡಾಕ್ಟರು ನನ್ನ ಮಂಚದ ಹತ್ತಿರವೇ ಬಂದು ಹೇಳಿದರು.

"ಒಸಡಿನ ಕಾಯಿಲೆ ಬಾಯಲ್ಲೇ ಕೂತಿರಲ್ಲ ಕಣಪ್ಪ. ಅಲ್ಲಿನ ವಿಷ ರಕ್ತದ ಜೊತೆ ಹೋಗಿ ಕಿಡ್ನೀನ ಇನ್ನಷ್ಟು ಕೆಡಿಸುತ್ತೆ. ಕಿಡ್ನಿ ಕೆಟ್ರೆ ಒಸಡು ಇನ್ನಷ್ಟು ಕೊಳೆಯುತ್ತೆ. ಎರಡೂ ಸೇರಿ ನಿನ್ನ ಮುಗಿಸ್ತಿವೆ, ನೀನು ಕುರ್ಚಿ ಲೆಕ್ಕ ಹಾಕ್ತಾ ಕೂತಿದೀಯ."

ಕೀಳಿಸಿಕೊಂಡೆ. ಎರಡು ವಾರದಲ್ಲಿ ಎಲ್ಲ ಮುಂದಿನವೂ ಹೋದವು, ಹಿಂದಿನವಕ್ಕೆ ಒಸಡು ಕೊಯ್ದು ಶುಚಿ ಮಾಡಿದರು. ಈಗ ನನ್ನನ್ನು ನೋಡಿದರೆ ಅಪ್ಪನೇ ಎದ್ದು ಬಂದ ಹಾಗಿದ್ದೇನೆ. ಅಂಗಡಿಗೆ ಹೋಗಿ ಮೊಳೆ ಬಾಯಿಗೆ ಹಾಕಿ ನೋಡಿದೆ, ತುಟಿಯ ಮೇಲೆ ನಿಲ್ಲದೆ ಸುರಿದು ಹೋದವು. ಮಾಲೀಕರು ಪಿನ್ನಿನ ಗನ್ ಕೈಗಿಟ್ಟರು. ಕೊನೆಯ ಎರಡು ಸಾಲು ಕುರ್ಚಿಗಳು ಹಾಗೇ ಉಳಿದಿವೆ. ಹೋಗಲಿ ಬಿಡು. ಬಾಯಿ ಶುಚಿಯಾಗಿದೆ ಎಂದು ಡಾಕ್ಟರು ಒಪ್ಪಿಗೆ ಕೊಟ್ಟಿದ್ದಾರೆ. ನಿನ್ನ ಪರೀಕ್ಷೆ ಆರು ತಿಂಗಳು ದಾಟಿದ್ದರಿಂದ ಅದನ್ನೊಂದು ಸಲ ಹೊಸದಾಗಿ ಮಾಡಿಸಿಕೊಂಡು ಬರಬೇಕಂತೆ, ಅಷ್ಟೇ ಬಾಕಿ. ನವೆಂಬರ್ ಹತ್ತಕ್ಕೆ ದಿನ ಕೊಟ್ಟಿದ್ದಾರೆ. ಬಾ ಅಕ್ಕ.

ನಿನ್ನ ಬೊಚ್ಚುಬಾಯಿ ತಮ್ಮ

* * *

ಅಕ್ಟೋಬರ್ ೨೮

ಪುಟ್ಟನಿಗೆ ಆಶೀರ್ವಾದ.

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಬಾಯಿ ಶುಚಿಯಾದದ್ದು ಕೇಳಿ ಸಂತೋಷ. ಬೈಯುವುದಿಲ್ಲ.

ನನಗೆ ಬರಲಾಗುವುದಿಲ್ಲ ಕಣೋ. ಭಯವಾಗುತ್ತಿದೆ. ಆಗ ಹುಮ್ಮಸ್ಸಿನಲ್ಲಿ ಹೇಳಿಬಿಟ್ಟೆ. ಈಗ ಪಕ್ಕದ ಮನೆಯವರು, ಗಿರಣಿಯವರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ಹೊಟ್ಟೆ ಕೊಯ್ಯುವುದನ್ನು ನೆನೆಸಿಕೊಂಡರೆ ಕೈಕಾಲು ತಣ್ಣಗಾಗುತ್ತದೆ. ನಿಮ್ಮ ಭಾವನಿಗೂ ಇಷ್ಟವಿಲ್ಲ. ವಯಸ್ಸೂ ಆಯಿತು. ಬೇರೆ ಯಾರಾದರೂ ಕೊಡುವವರು ಸಿಗುತ್ತಾರಾ ಎಂದು ಅಲ್ಲಿ ಹೆಸರು ಬರೆಸಿ ಇಡು. ನನ್ನನ್ನು ಹೇಡಿ ಅಂದುಕೋ, ಅಡ್ಡಿಯಿಲ್ಲ.

ನನ್ನ ಆರೋಗ್ಯದ ಬಗ್ಗೆ ಏನೂ ಯೋಚನೆ ಮಾಡಬೇಡ, ಗುಂಡುಕಲ್ಲಿನ ಹಾಗಿದ್ದೇನೆ. ಉಪ್ಪು ಬಿಟ್ಟಿರುವುದರಿಂದ ಊಟ ಸಪ್ಪೆ ಅನ್ನಿಸುತ್ತದೆ, ಅದೊಂದು ಬಿಟ್ಟರೆ ಏನಿಲ್ಲ. ಮಂಡಿನೋವಿನ ಮಾತ್ರೆಯನ್ನೂ ನಿಲ್ಲಿಸಿದ್ದೇನೆ, ಹಾಗಾಗಿ ಅಷ್ಟು ದೂರ ಬಸ್ಸಿನಲ್ಲಿ ಕೂರುವುದೂ ಕಷ್ಟವೇ. ಮತ್ತೆ, ನೀನು ಹೇಳಿದ ಉಪ್ಪುನೀರು ಬಹಳ ಒಳ್ಳೆಯದು. ತುಂಬ ಉಪಕಾರವಾಯಿತು. ಅದರ ವಿಷಯದಲ್ಲಿ ನೀನು ಯಾವತ್ತೂ ಮನಸ್ಸಿಗೆ ಏನೂ ಹಚ್ಚಿಕೊಳ್ಳಬಾರದು.

ಅಕ್ಕ

* * *

ನವೆಂಬರ್ ೪

ನಿನ್ನ ಕಾಗದ ತಲುಪಿತು.

ಬೇಡ ಅನ್ನುವುದಿದ್ದರೆ ಫೆಬ್ರವರಿಯಲ್ಲೇ ಅನ್ನಬಹುದಿತ್ತು. ನಿನ್ನ ಮಾತು ನಂಬಿ ಬಾಯಲ್ಲಿದ್ದ ಅನ್ನವನ್ನೇ ಕೀಳಿಸಿಕೊಂಡೆ. ಹೊಟ್ಟೆ ಕೊಯ್ಯುವ ಭಯ ನಿನಗೆ. ನನಗೆ ವಾರಕ್ಕೆ ಮೂರು ದಿನ ಚುಚ್ಚುತ್ತಾರೆ, ನನ್ನ ಭಯ ಯಾರ ಹತ್ತಿರ ಹೇಳಲಿ? ದಿನ ರದ್ದು ಮಾಡಿ ಎಂದು ಆಸ್ಪತ್ರೆಯಲ್ಲಿ ಹೇಳುತ್ತೇನೆ. ಇನ್ನು ಕಾಗದ ಬರೆಯುವ ತೊಂದರೆ ತೆಗೆದುಕೊಳ್ಳಬೇಡ.

* * *

ನವೆಂಬರ್ ೭

ಅಕ್ಕ,

ಹಿಂದಿನ ಕಾಗದ ಕೈಗೆ ಬಂದಿದ್ದರೆ ಹರಿದು ಒಲೆಗೆ ಹಾಕು. ಬಂದಿಲ್ಲದಿದ್ದರೆ ಬಂದಾಗ ಒಡೆಯಬೇಡ.

ನಿನ್ನೆ ಡಯಾಲಿಸಿಸ್‌ನಲ್ಲಿ ಒರಗಿ ನಿನ್ನ ಕಾಗದವನ್ನು ಮತ್ತೆ ಓದಿದೆ. ಮೊದಲ ಸಲ ಭಯ ಅನ್ನುವ ಮಾತಿನ ತನಕ ಓದಿ ಕಣ್ಣು ಕತ್ತಲಾಗಿತ್ತು, ಮುಂದಿನದು ತಲೆಗೆ ಹೋಗಿರಲಿಲ್ಲ. ಈ ಸಲ ಹೋಯಿತು. ಉಪ್ಪು ಬಿಟ್ಟಿದ್ದೀಯ. ಮಂಡಿನೋವಿನ ಮಾತ್ರೆ ನಿಲ್ಲಿಸಿದ್ದೀಯ. ನೀನಾಗಿಯೇ ಬಿಡುವವಳಲ್ಲ, ಆ ಮಾತ್ರೆಯಿಲ್ಲದೆ ನೀನು ಗಿರಣಿಯ ಮೆಟ್ಟಿಲು ಹತ್ತಲಾರೆ. ಈ ಎರಡು ಮಾತನ್ನು ಒಟ್ಟಿಗೆ ಹೇಳುವವರು ಯಾರು ಎಂದು ಈ ವಾರ್ಡಿನಲ್ಲಿ ಮಲಗಿದವರಿಗೆಲ್ಲ ಗೊತ್ತು. ನಮಗೆಲ್ಲರಿಗೂ ಕಿಡ್ನಿ ಡಾಕ್ಟರು ಮೊದಲ ದಿನ ಹೇಳಿದ್ದು ಇದೇ ಎರಡು.

ಆಮೇಲೆ ಉಪ್ಪುನೀರನ್ನು ಹೊಗಳಿದ್ದೀಯ. ನಾನು ಹುಟ್ಟಿದಾಗಿನಿಂದ ನೀನು ನನ್ನ ಯಾವ ಕೆಲಸವನ್ನೂ ಹೊಗಳಿದವಳಲ್ಲ. ಉಪಕಾರವಾಯಿತು ಎಂದು ನೀನು ಬರೆದದ್ದನ್ನು ಓದಿ, ಸೂಜಿ ತೆಗೆಯುವ ಮೊದಲೇ ಡಾಕ್ಟರನ್ನು ಕರೆಸಿದೆ.

ನಮ್ಮಕ್ಕನ ಹೊಸ ಪರೀಕ್ಷೆಯಲ್ಲಿ ಏನು ಬಂತು, ಅಲ್ಲಿಂದ ನಿಮಗೆ ತಿಳಿಸಿರಬೇಕಲ್ಲ ಅಂದೆ. "ಅದನ್ನ ನಾನು ಹೇಳೋ ಹಾಗಿಲ್ಲ, ಅವರನ್ನೇ ಕೇಳಿ" ಅಂದರು. ನೀನು ಬರೀ ಭಯಪಟ್ಟು ಹಿಂದೆ ಸರಿದಿದ್ದರೆ ಅವರು ಹಾಗೆ ನೆಲ ನೋಡುತ್ತಾ ಹೇಳುತ್ತಿರಲಿಲ್ಲ. ನಿನ್ನ ಹೆಸರು ಎತ್ತದೆ ಬೇರೆ ಥರ ಕೇಳಿದೆ. ಒಸಡಿನ ಕಾಯಿಲೆಯನ್ನು ಹಾಗೇ ಬಿಟ್ಟ ಒಬ್ಬರ ಚೊಕ್ಕಟ ಕಿಡ್ನಿ ಎಂಟು ತಿಂಗಳಲ್ಲಿ ಕೆಡಲು ಶುರುವಾಗಿ ಮೂತ್ರದಲ್ಲಿ ಪ್ರೋಟೀನು ಸೋರಿದರೆ ಅದು ಒಸಡಿನಿಂದಲೇ ಅನ್ನಬಹುದಾ ಎಂದು. ಹಾಗೆ ಖಡಾಖಂಡಿತ ಹೇಳಲಾಗದು ಅಂದರು. ಸಕ್ಕರೆ ಇರಬಹುದು, ರಕ್ತದೊತ್ತಡ ಇರಬಹುದು, ನೋವಿನ ಮಾತ್ರೆಯೂ ಇರಬಹುದು, ಬಾಯಿಯ ಸೋಂಕು ಅವಕ್ಕೆಲ್ಲ ಕೈ ಜೋಡಿಸುತ್ತದೆ, ಯಾವುದು ಯಾವುದನ್ನು ಎಳೆದು ತಂದಿತು ಎಂದು ಯಾರು ಹೇಳಬಲ್ಲರು ಅಂದರು. ನನ್ನನ್ನು ಸಮಾಧಾನ ಮಾಡಲು ಹೇಳಿದ ಮಾತು ಅದು. ಸಮಾಧಾನವಾಗಲಿಲ್ಲ.

ಯಾಕೆಂದರೆ ಹಲ್ಲಿನ ಡಾಕ್ಟರಮ್ಮನ ಎದುರು ಸಾಲಿನಲ್ಲಿ ನಿಂತಿದ್ದ ನಿನ್ನನ್ನು ವಾಪಸ್ ಕಳಿಸಿದವನು ನಾನು. ನನ್ನ ಬಾಯಿ ಕೊಳೆತು ನಾರುತ್ತಿದ್ದಾಗ ವಾಸಿಯಾಗಿದೆ ಎಂದು ಬರೆದೆ, ಕುರ್ಚಿಗಳಿಗೋಸ್ಕರ. ಸೆಪ್ಟೆಂಬರಿನಲ್ಲಿ ಎಲ್ಲ ಗೊತ್ತಾದ ಮೇಲೂ ನಿನ್ನ ಒಸಡಿನ ಬಗ್ಗೆ ಒಂದು ಸಾಲು ಬರೆಯಲಿಲ್ಲ. ಬರೆದರೆ ಉಪ್ಪುನೀರಿನ ಮಾತು ಸುಳ್ಳೆಂದು ಹೇಳಬೇಕಾಗುತ್ತಿತ್ತು. ನಿನ್ನ ಕಿಡ್ನಿಗೂ ಕಾಯಿಲೆ ಹತ್ತಿದ್ದು ನನಗೆ ತಿಳಿಯಬಾರದೆಂದು ನೀನು ಹೇಡಿಯ ವೇಷ ಹಾಕಿದೆ. ನಿನ್ನ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗೊಂದು ಕಾರಣ ಹೊಂದಿಸಿ ಕೊಟ್ಟೆ, ಅದನ್ನು ನಾನು ಎಷ್ಟು ಬೇಗ ತೆಗೆದುಕೊಂಡೆ ನೋಡು. ಭಾವನಿಗೆ ಇಷ್ಟವಿಲ್ಲ ಎಂದು ಬರೆಯುವಾಗ ಅವರು ಪಕ್ಕದಲ್ಲೇ ಇದ್ದರಾ? ಅವರ ಮುಖ ನೆನೆಸಿಕೊಂಡರೆ ನನಗೆ ತಲೆ ಎತ್ತಲಾಗುವುದಿಲ್ಲ.

ನನ್ನ ಹೆಸರನ್ನು ಕಾಯುವವರ ಸಾಲಿನಲ್ಲಿ ಬರೆಸಿದ್ದೇನೆ. ಆ ಸಾಲು ಎಷ್ಟು ಉದ್ದ ಎಂದು ಕೇಳಲು ಹೋಗಲಿಲ್ಲ. ನಿನ್ನ ನಾದಿನಿ ಮುಂದಿನ ಭಾನುವಾರ ಅಲ್ಲಿಗೆ ಬರುತ್ತಾಳೆ, ನಾನು ಎರಡು ಡಯಾಲಿಸಿಸ್ ನಡುವೆ ಅಷ್ಟು ದೂರ ಬರುವ ಹಾಗಿಲ್ಲ. ಅವಳ ಜೊತೆ ಹೋಗಿ ಬಾಯಿ ತೋರಿಸು. ಕೀಳಬೇಕು ಅಂದರೆ ಕೀಳಿಸಿಕೋ, ಒಂದು ದಿನವೂ ಮುಂದೆ ಹಾಕಬೇಡ. ಕಿಡ್ನಿಯವರು ಏನು ಬೇಡ ಅಂದರೋ ಅದೆಲ್ಲ ಬೇಡ, ಯಾವ ಮಾತ್ರೆ ತಿನ್ನು ಅಂದರೋ ಅದನ್ನು ತಪ್ಪಿಸಬೇಡ. ಶುರುವಿನಲ್ಲಿ ಹಿಡಿದರೆ ಹಾಗೇ ನಿಲ್ಲಿಸಬಹುದಂತೆ, ಎಷ್ಟೋ ಜನರದು ನಿಂತಿದೆಯಂತೆ. ನನ್ನ ಮಾತು ನಂಬಿ ಕೆಟ್ಟವಳಿಗೆ ಮತ್ತೆ ನನ್ನ ಮಾತು ನಂಬು ಅನ್ನಲು ನನಗೆ ಬಾಯಿಲ್ಲ, ಆದರೂ ಇದೊಂದು ಸಲ ನಂಬು.

ನಿನ್ನವು ಹಾಳಾಗಕೂಡದು, ಅಕ್ಕ. ನನಗೆ ಬೇಕು ಅಂದಾಗ ಕೊಡಲು ನೀನಿದ್ದೆ. ನಾಳೆ ನಿನಗೆ ಬೇಕಾದರೆ ಕೊಡಲು ನನ್ನ ಹತ್ತಿರ ಒಂದೂ ಇಲ್ಲ.

ತಮ್ಮ